ಪಂಕ್ಚರ್ ಆದ ಮೇಲೆ ಹೈಬ್ರಿಡ್ ಕಾರು ಯಾಕೆ ಹೀಗಾಡುತ್ತದೆ?

ಪ್ರಶ್ನೆ: ಟೈರ್ ಪಂಕ್ಚರ್ ಆಗಿ ಬಹಳ ಹೊತ್ತು ರಸ್ತೆ ಬದಿಯಲ್ಲಿ ನಿಂತಿದ್ದೆ. ಸ್ಟೆಪ್ನಿ ಹಾಕಿ ಹೊರಡೋಣವೆಂದರೆ ಕಾರು ‘ರೆಡಿ’ಗೆ (ಓಡಲು ಸಿದ್ಧ ಎಂದು ತೋರಿಸುವ ಸ್ಥಿತಿ) ಬರಲೇ ಇಲ್ಲ, ಡ್ಯಾಶ್‌ಬೋರ್ಡ್ ತುಂಬಾ ವಾರ್ನಿಂಗ್ ಲೈಟು. ಜಂಪ್ ಕೊಟ್ಟ ಮೇಲೆ ಹೊರಟಿತು. ಆದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಟ್ರ್ಯಾಕ್ಷನ್ (ಚಕ್ರ ಜಾರದಂತೆ ತಡೆಯುವುದು) ಲೈಟುಗಳು ಇನ್ನೂ ಆರಿಲ್ಲ. ಹೈಬ್ರಿಡ್ ಬ್ಯಾಟರಿಯೇ ಹೋಯಿತೇ?

ಉತ್ತರ: ಅದರ ಮೇಲಿನ ಅನುಮಾನ ಕೊನೆಗಿರಲಿ. ಟೈರಿನ ಗಾಳಿ ಹೋದದ್ದಕ್ಕೂ ಮೋಟಾರು ಓಡಿಸುವ ಆ ದೊಡ್ಡ ಬ್ಯಾಟರಿಗೂ ನೇರ ಸಂಬಂಧವಿಲ್ಲ. ಜಂಪ್ ಕೊಟ್ಟ ಕೂಡಲೇ ಕಾರು ಹೊರಟಿತು ಅಂದರೆ ಸೊರಗಿದ್ದು 12 ವೋಲ್ಟಿನ ಸಣ್ಣ ಬ್ಯಾಟರಿ.

ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಎಂಜಿನ್ ತಿರುಗಿಸುವುದು ಈ ಸಣ್ಣ ಬ್ಯಾಟರಿಯಲ್ಲ. ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯ ರಿಲೇ (ಸ್ವಿಚ್) ಕೂಡಿಸುವುದಷ್ಟೇ ಸ್ಟಾರ್ಟ್ ಮಾಡುವಾಗ ಅದರ ಕೆಲಸ. ಆದರೆ ಅದು ಇಳಿದರೆ ಒಂದೊಂದು ಕಂಪ್ಯೂಟರೂ ತನ್ನ ದೂರು ದಾಖಲಿಸುತ್ತದೆ, ಲೈಟುಗಳೆಲ್ಲ ಒಟ್ಟಿಗೆ ಹತ್ತುತ್ತವೆ. ಕಾರು ‘ರೆಡಿ’ಯಲ್ಲಿ ಇಲ್ಲದಾಗ ಹಜಾರ್ಡ್ ಲೈಟು, ತೆರೆದ ಡಿಕ್ಕಿಯ ಲೈಟು, ಸ್ಟೀರಿಯೊ ಎಲ್ಲವೂ ಇದನ್ನೇ ಹೀರುತ್ತವೆ, ಚಾರ್ಜ್ ಆಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿ: ತುಸು ಹೊತ್ತು ಆಫ್ ಆಗಿ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಚೆನ್ನಾಗಿದೆ, 12ಕ್ಕಿಂತ ಕೆಳಗಿದ್ದರೆ ಖಾಲಿ. ‘ರೆಡಿ’ ಆದ ಮೇಲೆ ಸಾಮಾನ್ಯವಾಗಿ 14ರ ಆಸುಪಾಸಿಗೆ ಏರಬೇಕು.

ಸಹಾಯಕ್ಕೆ ಕಾಯುವಾಗ ಪಾರ್ಕಿಂಗ್ ಗೇರಿನಲ್ಲಿ ‘ರೆಡಿ’ಯಲ್ಲೇ ಇಟ್ಟರೆ ಈ ಗೋಳಿಲ್ಲ. ಜ್ಯಾಕ್ ಹಾಕುವ ಮೊದಲು ಮಾತ್ರ ಪೂರ್ತಿ ಆಫ್ ಮಾಡಲೇಬೇಕು. ಸದ್ದಿಲ್ಲದೆ ನಿಂತ ಹೈಬ್ರಿಡ್‌ನ ಎಂಜಿನ್ ತಾನಾಗಿ ಸ್ಟಾರ್ಟ್ ಆಗಬಹುದು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನು ಆರದ ಲೈಟುಗಳು. ಸ್ಟೆಪ್ನಿ ಉಳಿದ ಟೈರುಗಳಿಗಿಂತ ಸಣ್ಣದಿದ್ದರೆ ಆ ಚಕ್ರ ಹೆಚ್ಚು ಸುತ್ತು ತಿರುಗುತ್ತದೆ, ಕಂಪ್ಯೂಟರಿಗೆ ಅದು ಜಾರುತ್ತಿರುವಂತೆ ಕಾಣುತ್ತದೆ. ಮುಂದಿನ ಚಕ್ರ ಎಳೆಯುವ ಹೈಬ್ರಿಡ್‌ನಲ್ಲಿ ಅದನ್ನು ಮುಂದೆಯೇ ಹಾಕಿದ್ದರೆ ಮೋಟಾರಿನ ಎಳೆತ ತಗ್ಗಬಹುದು, ಬ್ರೇಕಿನ ಹಿಡಿತವೂ ಬೇರೆ ಅನ್ನಿಸಬಹುದು. ಸಣ್ಣ ಸ್ಟೆಪ್ನಿಗಳಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ, ಗಾಳಿಯೂ ಹೆಚ್ಚು ಬೇಕು, ಹಲವಕ್ಕೆ 60 ಪಿಎಸ್‌ಐ. ಟೈರಿನ ಮೇಲೆ ಬರೆದಿರುತ್ತದೆ, ಓದಿ.

ಮೂಲ ಅಳತೆಯ ಟೈರ್ ವಾಪಸ್ ಹಾಕಿದರೂ ಎಬಿಎಸ್ ಲೈಟು ಉಳಿದರೆ, ಚಕ್ರ ಬಿಚ್ಚಿದ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿ. ಹಬ್‌ನ ಹಿಂದೆ ಬೆರಳಿಗಿಂತ ತೆಳುವಾದ ಕಪ್ಪು ವೈರು ಇರುತ್ತದೆ, ಚಕ್ರದ ವೇಗ ಅಳೆಯುವ ಸೆನ್ಸರಿನದು. ಹರಿದು ಚಿಂದಿಯಾದ ಟೈರು ಅದನ್ನು ಹೊಡೆದಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಆನ್ ಮಾಡಿದೊಡನೆ ಲೈಟು ಹತ್ತಿ ಆರದೇ ಇದ್ದರೆ ವೈರು ಕಡಿದಿರುವ ಸಾಧ್ಯತೆ ಹೆಚ್ಚು. ಸ್ವಲ್ಪ ದೂರ ಓಡಿದ ಮೇಲೆ ಹತ್ತಿದರೆ ಸೆನ್ಸರಿನ ಸಿಗ್ನಲ್ಲೇ ಸರಿಯಿಲ್ಲ ಎಂದು ಅನುಮಾನಿಸಬಹುದು.

ಗಾಳಿಯ ಒತ್ತಡದ ಲೈಟಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕಕ್ಕೂ ಸರಿಯಾಗಿ ಗಾಳಿ ತುಂಬಿಸಿ ರೀಸೆಟ್ ಮಾಡಿ. ಪಂಕ್ಚರ್ ದ್ರವ ಸುರಿದಿದ್ದರೆ ಮಾತ್ರ ಒಳಗಿನ ಸೆನ್ಸರಿಗೆ ಅದು ಮೆತ್ತಿಕೊಂಡಿರಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಎಲ್ಲ ಕಂಪ್ಯೂಟರುಗಳನ್ನೂ ಓದುವ ಸ್ಕ್ಯಾನರ್ ಇರುವಲ್ಲಿಗೆ ಒಯ್ಯಿರಿ. ಅಗ್ಗದವು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ತೋರಿಸುತ್ತವೆ. ಎಳೆದೊಯ್ಯಬೇಕಾಗಿ ಬಂದರೆ ನಾಲ್ಕೂ ಚಕ್ರ ಮೇಲಿರುವಂತೆ ಫ್ಲಾಟ್‌ಬೆಡ್ ಲಾರಿಯಲ್ಲೇ ಹೋಗಲಿ: ಮೋಟಾರಿಗೆ ಜೋಡಿಸಿದ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರು ತಾನೇ ವಿದ್ಯುತ್ ಉತ್ಪಾದಿಸತೊಡಗುತ್ತದೆ.