ಗಂಡು ಟರ್ಕಿಯ ನೆತ್ತಿ ಬೆಳ್ಳಗಾದಾಗ

ಬೆಳಗಿನ ಜಾವ ನಾಲ್ಕೂವರೆಗೆ ಪಕ್ಕದ ಮನೆಯ ಹಿರಿಯರ ಬಾಗಿಲು ತಟ್ಟಿದೆ. ಅವರು ಮೊದಲು ನೋಡಿದ್ದು ನನ್ನ ಕೆಂಪು ಉಣ್ಣೆ ಟೋಪಿಯನ್ನು. "ಇದನ್ನು ಇಲ್ಲೇ ಬಿಟ್ಟು ಬನ್ನಿ" ಎಂದರು. ಆಮೇಲೆ ನೀಲಿ ಜಾಕೆಟ್ಟನ್ನೂ ತೆಗೆಸಿದರು. ಒಳಗಿನ ಬಿಳಿ ಬನಿಯನ್ ಕುತ್ತಿಗೆಯ ಹತ್ತಿರ ಇಣುಕುತ್ತಿತ್ತು. ಅದೂ ಕಾಣಬಾರದಂತೆ. ತಮ್ಮದೇ ಹಸಿರು ಕಂದು ಅಂಗಿ ಕೊಟ್ಟು ಗುಂಡಿ ಮೇಲಿನವರೆಗೂ ಹಾಕಿಸಿದರು.

ಅಮೆರಿಕದ ಮಿಸೌರಿ ರಾಜ್ಯದ ಓಝಾರ್ಕ್ ಬೆಟ್ಟಗಳು. ಏಪ್ರಿಲ್ ಕೊನೆ. ಈ ಹಿರಿಯರು ಪ್ರತಿ ವಸಂತದಲ್ಲೂ ಕಾಡು ಟರ್ಕಿ ಎಂಬ ದೊಡ್ಡ ಹಕ್ಕಿಯ ಬೇಟೆಗೆ ಹೋಗುತ್ತಾರೆ. ಕೋವಿ, ಲೈಸೆನ್ಸ್ ಎರಡೂ ಅವರದು. ನನ್ನ ಬಳಿ ಇದ್ದದ್ದು ಬೈನಾಕ್ಯುಲರ್ ಮಾತ್ರ.

ಕೆಂಪು, ಬಿಳಿ, ನೀಲಿ ಬಟ್ಟೆ ತೊಟ್ಟು ವಸಂತದಲ್ಲಿ ಈ ಕಾಡಿಗೆ ಹೋಗಬಾರದು ಎಂದು ಅಲ್ಲಿ ಬೇಟೆ ಕಲಿಯುವವರಿಗೆ ಮೊದಲೇ ಹೇಳಿಕೊಡುತ್ತಾರೆ. ಗಂಡು ಟರ್ಕಿಯ ತಲೆಯಲ್ಲಿ ಇರುವುದು ಇದೇ ಮೂರು ಬಣ್ಣ. ಪೊದೆಯ ಸಂದಿಯಲ್ಲಿ ಒಂದು ಕೆಂಪು ಚೂರು ಅಲುಗಾಡಿದರೂ ಆಚೆ ಕೂತ ಬೇಟೆಗಾರ ಹಕ್ಕಿಯೆಂದೇ ತಿಳಿಯಬಹುದು. ಆಗ ಪ್ರಾಣಕ್ಕೇ ಕುತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ. ಅದೇ ಹಕ್ಕಿ, ಅದೇ ಚರ್ಮ. ಗರಿಯೇ ಇಲ್ಲದ ಬೋಳು ತಲೆ. ಅದು ಒಮ್ಮೆ ಕೆಂಪು, ಕ್ಷಣದಲ್ಲಿ ಬಿಳಿ, ಮತ್ತೆ ನೀಲಿ ಆಗುವುದು ಹೇಗೆ?

ನಾಚಿದಾಗ ಕೆನ್ನೆ ಕೆಂಪಾಗುತ್ತದಲ್ಲ, ಹಾಗೇ ಎಂದು ತುಂಬ ಜನ ಹೇಳುತ್ತಾರೆ. ಅರ್ಧ ಸರಿ. ರಕ್ತ ಕೆಂಪು, ಒಪ್ಪೋಣ. ನೀಲಿ ಎಲ್ಲಿಂದ ಬಂತು? ಹಕ್ಕಿಯ ಮೈಯಲ್ಲಿ ನೀಲಿ ರಕ್ತ ಇಲ್ಲ. ಆ ಚರ್ಮವನ್ನು ಅರೆದರೂ ನೀಲಿ ಬಣ್ಣದ ಪುಡಿ ಸಿಗುವುದಿಲ್ಲ.

ನವಿಲುಗರಿಯನ್ನು ನೆನಪಿಸಿಕೊಳ್ಳಿ. ಅದನ್ನು ಕುಟ್ಟಿ ಪುಡಿ ಮಾಡಿದರೆ ಉಳಿಯುವುದು ಮಂಕಾದ ಕಂದು. ನೀಲಿ ಇದ್ದದ್ದು ಗರಿಯ ಪದಾರ್ಥದಲ್ಲಿ ಅಲ್ಲ, ಅದರೊಳಗಿನ ಜೋಡಣೆಯಲ್ಲಿ. ಸೋಪಿನ ಗುಳ್ಳೆಯೂ ಹಾಗೇ. ಸೋಪಿನ ನೀರಿಗೆ ಕಾಮನಬಿಲ್ಲಿನ ಬಣ್ಣ ಇಲ್ಲ. ಗುಳ್ಳೆಯ ಪೊರೆ ಎಷ್ಟು ತೆಳು ಎಂಬುದರ ಮೇಲೆ ಬಣ್ಣ ಹುಟ್ಟುತ್ತದೆ.

ಟರ್ಕಿಯ ತಲೆಯ ಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಕಟ್ಟುಕಟ್ಟಾಗಿ ಮಲಗಿವೆ. ಒಣ ಶಾವಿಗೆಯ ಕಟ್ಟು ಇದ್ದ ಹಾಗೆ. ಎಳೆಗಳ ನಡುವಿನ ಸಂದು ಬೆಳಕಿನ ಅಲೆಯ ಉದ್ದದ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ತಲೆಗೂದಲಿನ ದಪ್ಪದ ಸುಮಾರು ಇನ್ನೂರನೇ ಒಂದು ಭಾಗ. ಈಗ ಆ ಶಾವಿಗೆ ಕಟ್ಟುಗಳ ನಡುನಡುವೆ ಸಣ್ಣ ಉದ್ದನೆಯ ಬಲೂನುಗಳನ್ನು ತೂರಿಸಿದ್ದೀರಿ ಎಂದುಕೊಳ್ಳಿ. ಅವೇ ರಕ್ತನಾಳಗಳು. ಬಲೂನು ಉಬ್ಬಿದರೆ ಎಳೆಗಳು ಒತ್ತರಿಸಿಕೊಳ್ಳುತ್ತವೆ, ಇಳಿದರೆ ಸಡಿಲವಾಗುತ್ತವೆ. ಸಂದು ಬದಲಾದರೆ ಯಾವ ಬಣ್ಣದ ಬೆಳಕು ಹಿಂದಕ್ಕೆ ಚದುರಬೇಕು ಎಂಬುದೂ ಬದಲಾಗುತ್ತದೆ. ಹಾರ್ಮೋನಿಯಂ ತಿದಿಯನ್ನು ಒತ್ತಿದಂತೆ, ಬಿಟ್ಟಂತೆ. ಒಳಗಿನ ವಸ್ತು ಅದೇ, ಮಡಿಕೆಗಳ ನಡುವಿನ ಅಂತರ ಮಾತ್ರ ಬೇರೆ. ರಕ್ತ ಇಲ್ಲಿ ಬರೀ ಬಣ್ಣ ಬಳಿಯುವುದಿಲ್ಲ. ಎಳೆಗಳನ್ನು ತಳ್ಳುವ, ಬಿಡುವ ಕೆಲಸವನ್ನೂ ಮಾಡುತ್ತದೆ!

ಇಂಥ ಬಣ್ಣಗಳ ಬೆನ್ನು ಹತ್ತಿದವರಲ್ಲಿ ನಮ್ಮ ಸಿ.ವಿ. ರಾಮನ್ ಕೂಡ ಒಬ್ಬರು. ಬೆಂಗಳೂರಿಗೆ ಬಂದ ಮರುವರ್ಷ, 1934ರಲ್ಲಿ, ಹಕ್ಕಿಗರಿಗಳ ಬಣ್ಣ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಅವರು ಒಂದು ಪ್ರಬಂಧ ಬರೆದರು. ಅದಕ್ಕಾಗಿ ಪರೀಕ್ಷಿಸಿದ್ದು ನೀಲಕಂಠದ ಗರಿಗಳನ್ನು. ಕರ್ನಾಟಕದ ರಾಜ್ಯಪಕ್ಷಿ ಅದೇ ನೀಲಕಂಠ. ನೊಬೆಲ್ ಬಂದ ಮೇಲೂ ಒಂದು ಹಕ್ಕಿಗರಿ ಹಿಡಿದು ಕೂರುವ ಆ ಕುತೂಹಲ ನನಗೆ ತುಂಬ ಇಷ್ಟ.

ಇನ್ನೂ ಹಿಂದಕ್ಕೆ ಹೋಗೋಣ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದಿಂದ ಕೆಲವು ಅಪರೂಪದ ಪ್ರಾಣಿಗಳನ್ನು ಕೊಂಡು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದ. ಅವುಗಳಲ್ಲಿ ಒಂದು ಟರ್ಕಿ ಹುಂಜ. ಮೂಲದಲ್ಲಿ ಅಮೆರಿಕ ಖಂಡದ ಹಕ್ಕಿ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬಾದಶಹ ಕಲಾವಿದ ಮನ್ಸೂರನಿಂದ ಅದರ ಚಿತ್ರ ಬರೆಸಿದ. ತನ್ನ ಆತ್ಮಕಥೆಯಲ್ಲಿ ಅದರ ತಲೆಯ ಬಗ್ಗೆ ಸ್ವತಃ ಬರೆದ. ಮದವೇರಿದಾಗ ಹವಳದಂತೆ ಕೆಂಪು, ಸ್ವಲ್ಪ ಹೊತ್ತಿಗೆ ಹತ್ತಿಯಂತೆ ಬಿಳಿ, ಒಮ್ಮೊಮ್ಮೆ ಫಿರೋಜಾ ಹರಳಿನ ನೀಲಿ, ಒಟ್ಟಿನಲ್ಲಿ ಊಸರವಳ್ಳಿಯ ಹಾಗೆ ಎಂದ.

ಎಷ್ಟು ಸರಿಯಾಗಿ ನೋಡಿದ್ದಾನೆ, ಅಲ್ವಾ? ಅವನ ಹೋಲಿಕೆ ಅವನಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ನಿಜ. 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಊಸರವಳ್ಳಿಯ ಗುಟ್ಟು ಬಿಡಿಸಿದರು. ಅದರ ಚರ್ಮದ ಕೋಶಗಳಲ್ಲಿ ಅತಿ ಸಣ್ಣ ಹರಳುಗಳು ಸಾಲಾಗಿ ನಿಂತಿವೆ. ಸಾಲಿನ ಅಂತರ ಹಿಗ್ಗಿ ಕುಗ್ಗಿದಂತೆ ಬಣ್ಣ ಬದಲಾಗುತ್ತದೆ. ಒಂದರಲ್ಲಿ ಹರಳು, ಇನ್ನೊಂದರಲ್ಲಿ ಎಳೆ. ಉಪಾಯ ಒಂದೇ.

ಪರ್ಷಿಯನ್ ಭಾಷೆಯಲ್ಲಿ ಇವತ್ತಿಗೂ ಟರ್ಕಿಯನ್ನು ಬೂಕಲಮೂನ್ ಎನ್ನುತ್ತಾರೆ. ಅದು ಮೊದಲು ಒಂದು ಬಟ್ಟೆಯ ಹೆಸರು. ಅಲುಗಾಡಿಸಿದರೆ ಬಣ್ಣ ಬದಲಾಗುವ ಬಟ್ಟೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ನಮ್ಮ ರೇಷ್ಮೆ ಸೀರೆ ನೆನಪಾಗುತ್ತದೆ. ಆದರೆ ಸೀರೆಯಲ್ಲಿ ನಿಜವಾಗಿಯೂ ಎರಡು ಬಣ್ಣದ ನೂಲು ಇರುತ್ತದೆ. ಹಕ್ಕಿಯಲ್ಲಿ ಆ ನೀಲಿಯ ನೂಲೇ ಇಲ್ಲ. ಜಪಾನೀಯರಿಗೆ, ಕೊರಿಯನ್ನರಿಗೆ ಇದು ಏಳು ಮುಖದ ಹಕ್ಕಿ. ಆ ಭಾಷೆಗಳಲ್ಲಿ ಟರ್ಕಿಯ ಹೆಸರಿನ ಅರ್ಥವೇ ಅದು. 2014ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ತಲೆಯನ್ನು ನೋಡಿ, ಗಾಳಿಯಲ್ಲಿನ ಟಿಎನ್‌ಟಿ ಸ್ಫೋಟಕದ ಆವಿಗೆ ಬಣ್ಣ ಬದಲಿಸುವ ಸಂವೇದಕ ಮಾಡಿದರು.

ಇಷ್ಟೆಲ್ಲ ಇರುವ ಹಕ್ಕಿಯನ್ನು ಪೆದ್ದು ಎನ್ನುತ್ತಾರೆ. ಮಳೆ ಬಂದರೆ ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತ ಮುಳುಗಿ ಸಾಯುತ್ತದಂತೆ. ಸುಮ್ನೆ ಕಟ್ಟುಕತೆ. ಮಿಸೌರಿಯಲ್ಲೇ ಇದಕ್ಕೆ ಉತ್ತರ ಇದೆ. ಕಾಡು ಟರ್ಕಿ ಅಲ್ಲಿ ಅಳಿವಿನ ಅಂಚಿಗೆ ಬಂದಾಗ, 1925ರಿಂದ 1943ರವರೆಗೆ ಸುಮಾರು 14 ಸಾವಿರ ಸಾಕಿದ ಟರ್ಕಿಗಳನ್ನು ಕಾಡಿಗೆ ಬಿಟ್ಟರು. ಅವು ಬದುಕಲಿಲ್ಲ. ಸ್ಟಾರ್ಕರ್ ಲಿಯೋಪೋಲ್ಡ್ ಎಂಬ ವಿಜ್ಞಾನಿ 1944ರಲ್ಲಿ ಎರಡನ್ನೂ ಹೋಲಿಸಿ ಬರೆದರು. ಕಾಡು ಟರ್ಕಿಯ ಮೆದುಳು ದೊಡ್ಡದಿತ್ತು, ನಡವಳಿಕೆಯೂ ಬೇರೆ ಇತ್ತು. ಆಮೇಲೆ ಕಾಡು ಹಕ್ಕಿಗಳನ್ನೇ ಬಲೆ ಹಾಕಿ ಹಿಡಿದು ಬೇರೆ ಕಾಡಿಗೆ ಬಿಡುವ ಕೆಲಸ ಶುರುವಾಯಿತು. ಅದು ಫಲಿಸಿತು. 1960ರಲ್ಲಿ ಮತ್ತೆ ಮೂರು ದಿನ ವಸಂತದ ಬೇಟೆಗೆ ಅನುಮತಿ ಸಿಕ್ಕಾಗ ಸಿಕ್ಕಿದ್ದು 94 ಹಕ್ಕಿ. ಬೇಟೆಯನ್ನು ನಾನು ಮೆಚ್ಚುವವನಲ್ಲ. ಆದರೆ ಆ ಕಾಡಿನಲ್ಲಿ ಟರ್ಕಿ ಮರಳಿ ಕೂಗುವುದಕ್ಕೆ ಬೇಟೆಗಾರರ ಲೈಸೆನ್ಸ್ ದುಡ್ಡೂ ಕಾರಣ. ಅದನ್ನು ಮುಚ್ಚಿಡಬಾರದು.

ಸರಿ, ಕಾಡಿಗೆ ಬರೋಣ. ಭುಜಕ್ಕಿಂತ ಅಗಲವಾದ ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಇನ್ನೂ ಕತ್ತಲು. ಅವರು ಬಾಯಿಂದಲೇ ಗೂಬೆಯ ಕೂಗು ಹಾಕಿದರು. ತಕ್ಷಣ ದಿಬ್ಬದ ಮೇಲಿನ ಮರದಿಂದ ಗಳಗಳ ಎಂದು ಉತ್ತರ ಬಂತು. ಈ ದಿನಗಳಲ್ಲಿ ಗಂಡು ಟರ್ಕಿ ಜೋರಾದ ಯಾವ ಸದ್ದಿಗೂ ಕೂಗಿಬಿಡುತ್ತದೆ. ಗುಡುಗಿಗೂ, ಕಾರಿನ ಬಾಗಿಲು ಬಡಿದರೂ. ವಸಂತದ ಬಿಸಿಲು ಇದಕ್ಕೆ ಕಾರಣ ಎನ್ನುವವರಿದ್ದಾರೆ. ಮುಖ್ಯ ಕಾರಣ ಹಗಲು ಉದ್ದವಾಗುವುದು.

ಬೆಳಕು ಹರಿದ ಮೇಲೆ ಅವರು ಸೀಮೆಸುಣ್ಣ ತಿಕ್ಕಿದ ಮರದ ಪೆಟ್ಟಿಗೆಯ ಮುಚ್ಚಳವನ್ನು ಅಂಚಿನ ಮೇಲೆ ಮೆಲ್ಲಗೆ ಉಜ್ಜಿದರು. ಹೆಣ್ಣು ಟರ್ಕಿಯದೇ ದನಿ! ಆಮೇಲೆ ಸುಮ್ಮನೆ ಕೂತರು. ಕಾಡಿನ ರೂಢಿಯಲ್ಲಿ ಗಂಡು ಕೂಗುತ್ತದೆ, ಹೆಣ್ಣು ಅದರ ಹತ್ತಿರ ಹೋಗುತ್ತದೆ. ಬೇಟೆಗಾರ ಕೇಳುವುದು ಇದರ ತಿರುವುಮುರುವು. ಹಾಗಾಗಿ ಗಂಟೆಗಟ್ಟಲೆ ಕಾಯಬೇಕು.

ಬಂತು. ಬಾಲ ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆ ಸವರುತ್ತ, ಎದೆಯಿಂದ ತಮಟೆಯ ತಳಮಟ್ಟದ ಗುಂಯ್ ಬರುತ್ತಿತ್ತು. ನೆತ್ತಿ ಹಾಲಿನಂತೆ ಬೆಳ್ಳಗೆ. ಕಣ್ಣಿನ ಸುತ್ತ ನೀಲಿ. ಗದ್ದದ ಕೆಳಗಿನ ಜೋಲು ಮಾತ್ರ ರಕ್ತಗೆಂಪು. "ನೆತ್ತಿ ನೋಡಿ" ಎಂದು ಅವರು ಪಿಸುಗುಟ್ಟಿದರು. "ಬೆಳ್ಳಗಿರುವವರೆಗೂ ಅದರ ಮನಸ್ಸೆಲ್ಲ ಹೆಣ್ಣಿನ ಮೇಲಿದೆ."

ಬೈನಾಕ್ಯುಲರ್ ಎತ್ತಿದೆ. ಬಹುಶಃ ನಾಲ್ಕು ಬೆರಳಿನಷ್ಟು ಕೈ ಅಲುಗಿತು. ಟರ್ಕಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲೂ ಗಮನ. ಚಲನೆಯನ್ನು ಅದು ಬಿಡುವುದಿಲ್ಲ.

"ಪಟ್" ಎಂದು ಹಕ್ಕಿಯಿಂದ ಒಂದೇ ಎಚ್ಚರಿಕೆಯ ಸದ್ದು. ಬಾಲ ಮುಚ್ಚಿತು. ಕುತ್ತಿಗೆ ಉದ್ದವಾಯಿತು. ನೆತ್ತಿಯ ಬಿಳುಪು ಮಾಯವಾಗುತ್ತ ಬಂತು, ಕೆಳಗಿನಿಂದ ಕೆಂಪು ಏರಿತು. ಲೆನ್ಸಿನಲ್ಲಿ ಅಷ್ಟನ್ನೂ ನೋಡಿದೆ. ಅಷ್ಟರಲ್ಲಿ ಹಕ್ಕಿ ದಿಬ್ಬ ಇಳಿದು ಹೋಗಿತ್ತು.

ಅವರು ಕೋವಿ ಕೆಳಗಿಟ್ಟರು. ಬೈಯಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ಪೆಟ್ಟಿಗೆಗೆ ಮತ್ತೆ ತಿಕ್ಕಿದರು. ಹತ್ತು ಗಂಟೆಯ ಹೊತ್ತಿಗೆ ಅದು ಇನ್ನೊಮ್ಮೆ ಕೂಗಿತು, ಹೊಳೆಯ ಆಚೆ ದಡದಿಂದ.