ಸುಕ್ಕಿಗೆ ಸೂಜಿ ಚುಚ್ಚಿದರೆ

ಮುಖದ ತುಂಬ ಸೂಜಿ ಚುಚ್ಚಿಸಿಕೊಂಡು ಹಾಯಾಗಿ ಮಲಗಿದವರ ವಿಡಿಯೊ ನೀವೂ ನೋಡಿರುತ್ತೀರಿ. ದಾವಣಗೆರೆಯ ನಮ್ಮ ಅತ್ತಿಗೆ ಅಂಥದ್ದೊಂದನ್ನು ಕಳಿಸಿ, ‘ಇದರಿಂದ ಸುಕ್ಕು ಹೋಗುತ್ತಾ?’ ಎಂದು ಕೇಳಿದರು.

ಇದು ಅಕ್ಯುಪಂಕ್ಚರ್, ಚೀನಾದ ಸೂಜಿ ಚಿಕಿತ್ಸೆ. ಇದಕ್ಕೆ ಸುಮಾರು 2000 ವರ್ಷದ ಇತಿಹಾಸವಿದೆ. ಮೈಯೊಳಗೆ ‘ಚಿ’ ಎಂಬ ಶಕ್ತಿ ಹರಿಯುತ್ತದೆ, ಅದಕ್ಕೆ ತಡೆಯಾದರೆ ಮುಖ ಕಳೆಗುಂದುತ್ತದೆ ಎಂಬುದು ಅವರ ಲೆಕ್ಕ. ಅದಕ್ಕೇ ಮುಖದ ಜೊತೆ ಕೈಗೂ ಚುಚ್ಚುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ‘ಹೆಗು’ ಎಂಬ ಜಾಗ ಮುಖಕ್ಕೆ ಸೇರಿದ್ದಂತೆ. ಚಿ ಹರಿಯುವ ಆ ದಾರಿಗಳು ದೇಹ ಕೊಯ್ದು ನೋಡಿದ ಯಾರಿಗೂ ಸಿಕ್ಕಿಲ್ಲ.

ಹಾಗಂತ ಸೂಜಿ ಏನೂ ಮಾಡುವುದಿಲ್ಲ ಎಂದಲ್ಲ. ಮುಖಕ್ಕೆ ಬಳಸುವ ಸೂಜಿ ಸುಮಾರು 0.2 ಮಿ.ಮೀ. ದಪ್ಪ. ಚುಚ್ಚಿದ ಕಡೆ ರಕ್ತ ನುಗ್ಗುತ್ತದೆ, ಚರ್ಮ ತುಸು ಕೆಂಪಾಗಿ ಉಬ್ಬುತ್ತದೆ. ಎದ್ದು ಕನ್ನಡಿ ನೋಡಿದರೆ ಕೆನ್ನೆ ತುಂಬಿದ ಹಾಗೆ ಕಾಣುತ್ತದೆ. ಆ ಊತ ಇಳಿದ ಮೇಲೆ? ಗಾಯ ಮಾಯುವಾಗ ಹೊಸ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್, ಹುಟ್ಟುವುದು ನಿಜ. ಚರ್ಮದ ಡಾಕ್ಟರುಗಳು ಮಾಡುವ ಮೈಕ್ರೋನೀಡ್ಲಿಂಗ್ ನಿಂತಿರುವುದೇ ಅದರ ಮೇಲೆ. ಆದರೆ ಅಲ್ಲಿ ಒಂದೇ ಸಲಕ್ಕೆ ಸಾವಿರಾರು ತೂತು ಬೀಳುತ್ತವೆ. ಇಲ್ಲಿ ಬೀಳುವುದು ಕೆಲವೇ ಕೆಲವು.

2013ರಲ್ಲಿ ಕೊರಿಯಾದಲ್ಲಿ 28 ಮಹಿಳೆಯರಿಗೆ ಮೂರು ವಾರದಲ್ಲಿ ಐದು ಸಲ ಈ ಚಿಕಿತ್ಸೆ ಕೊಟ್ಟು ನೋಡಿದರು. ಚರ್ಮದ ಬಿಗಿ ಸ್ವಲ್ಪ ಸುಧಾರಿಸಿತು. ಆದರೆ ಸೂಜಿ ಹಾಕಿಸಿಕೊಳ್ಳದವರ ಗುಂಪೇ ಅದರಲ್ಲಿ ಇರಲಿಲ್ಲ. ಹೋಲಿಸಲು ಯಾರೂ ಇಲ್ಲದಿದ್ದರೆ ಫಲ ಸೂಜಿಯದೋ, ಸುಮ್ನೆ ಮಲಗಿದ್ದರದ್ದೋ ಎಂದು ಹೇಳುವುದು ಹೇಗೆ? ಸುಳ್ಳು ಸೂಜಿ ಹಾಕಿ ಪರೀಕ್ಷಿಸುವುದೂ ಸುಲಭವಲ್ಲ, ಚುಚ್ಚಿತೋ ಇಲ್ಲವೋ ಗೊತ್ತಾಗಿಬಿಡುತ್ತದೆ ಅಲ್ವಾ! ಅದಕ್ಕಾಗಿ ಜರ್ಮನಿಯ ವೈದ್ಯರು 1998ರಲ್ಲಿ ನಾಟಕದ ಚೂರಿಯಂಥ ಒಂದು ಸೂಜಿಯ ವಿವರ ಪ್ರಕಟಿಸಿದರು. ತುದಿ ಮೊಂಡು, ಒತ್ತಿದರೆ ಹಿಡಿಯೊಳಗೇ ಸರಿಯುತ್ತದೆ.

ನನ್ನನ್ನು ಕೇಳಿದರೆ, ನಮ್ಮ ಕಡೆ ಮುಖಕ್ಕೆ ವಯಸ್ಸು ತರುವುದು ಚಿ ಅಲ್ಲ, ಬಿಸಿಲು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಲಾರಿ ಚಾಲಕರೊಬ್ಬರ ಫೋಟೊ ಬಂತು. 28 ವರ್ಷ ಲಾರಿ ಓಡಿಸಿದ್ದ ಅವರ ಎಡಗೆನ್ನೆ ಮಾತ್ರ ಜೋತು ಬಿದ್ದು ಸುಕ್ಕುಗಟ್ಟಿತ್ತು. ಕಿಟಕಿ ಇದ್ದದ್ದು ಎಡಕ್ಕೆ. ಬಿಸಿಲಿನ ಅತಿನೇರಳೆ-ಎ ಕಿರಣ ಗಾಜು ದಾಟಿ ಬಂದು ಕೊಲಾಜೆನ್ ಕೆಡಿಸುತ್ತದೆ. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿದೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಅಂತ ಹೆದ್ದಾರಿ 48ರಲ್ಲೇ ಬದುಕು ಸವೆಸಿದ ಡ್ರೈವರಣ್ಣಂದಿರ ಬಲಗೆನ್ನೆಯನ್ನು ಒಮ್ಮೆ ಗಮನಿಸಿ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿನಿಂದ ಒಂದಿಷ್ಟು ಕಾಯುತ್ತದೆ. ಹಾಗಾಗಿ ಸುಕ್ಕು ತಡವಾಗಿ ಬರುತ್ತದೆ, ಕಪ್ಪು ಕಲೆ ಮೊದಲು.

ಬಿಸಿಲಿನ ವಿಷಯದಲ್ಲಿ ಹೋಲಿಕೆಯ ಗುಂಪಿಟ್ಟು ಮಾಡಿದ ಪರೀಕ್ಷೆ ಇದೆ. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ, ಬೇಕೆನಿಸಿದಾಗ ಹಚ್ಚಿದವರಿಗಿಂತ ವಯಸ್ಸಾಗುವುದು ಶೇ 24ರಷ್ಟು ಕಡಿಮೆ ಇತ್ತು.

ಅತ್ತಿಗೆಗೆ ಸೂಜಿಯ ಆಸೆ ಇನ್ನೂ ಹೋಗಿಲ್ಲ. ಚುಚ್ಚಿಸಿಕೊಳ್ಳುವುದಾದರೆ ಸೂಜಿಯ ಹೊಸ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಸಿ ಎಂದಿದ್ದೇನೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲು ಡಾಕ್ಟರಿಗೆ ಹೇಳಬೇಕು. ಮದುವೆ ಮನೆಗೆ ಹೋಗುವ ವಾರದಲ್ಲಂತೂ ಬೇಡ. ಕಣ್ಣ ಸುತ್ತ ನೀಲಿಗಟ್ಟಿದರೆ ಮಾಯಲು ವಾರವಾದರೂ ಬೇಕು.