ಎಲ್‌ಎಲ್‌ಆರ್ ಪರೀಕ್ಷೆಗೆ ಹೋಗುವಾಗ ಯಾವ ಯಾವ ದಾಖಲೆ ಒಯ್ಯಬೇಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನವನು. ಮುಂದಿನ ವಾರ ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲಿ ಎಲ್‌ಎಲ್‌ಆರ್ (ವಾಹನ ಕಲಿಕಾ ಪರವಾನಗಿ) ಪರೀಕ್ಷೆಗೆ ಸ್ಲಾಟ್ ಸಿಕ್ಕಿದೆ. ಆಧಾರ್ ಒಂದಿದ್ದರೆ ಸಾಕೆಂದು ಕೆಲವರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಬೇಕೇ ಬೇಕೆಂದು ಕೆಲವರು ಹೇಳುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಎರಡನ್ನೂ ಒಯ್ಯಿರಿ, ಮೂಲಪ್ರತಿಗಳನ್ನೇ ಒಯ್ಯಿರಿ, ಜೊತೆಗೆ ತಲಾ ಒಂದು ಜೆರಾಕ್ಸ್ ಇರಲಿ. ಆಧಾರ್ ದೃಢೀಕರಣದ ಮೂಲಕ ಅರ್ಜಿ ಹಾಕಿದವರಿಗೆ ಮನೆಯಲ್ಲೇ ಕುಳಿತು ಆನ್‌ಲೈನ್ ಪರೀಕ್ಷೆ ಬರೆಯುವ ದಾರಿಯೂ ಪರವಾನಗಿಗೆ ಅರ್ಜಿ ಹಾಕುವ ಸರ್ಕಾರಿ ಜಾಲತಾಣವಾದ ಸಾರಥಿಯಲ್ಲಿದೆ. ನಿಮಗೆ ಕಚೇರಿಯ ಸ್ಲಾಟ್ ಬಂದಿರುವುದರಿಂದ, ನಿಮ್ಮ ಕಾಗದಗಳನ್ನು ಯಾರಾದರೊಬ್ಬರು ಕೈಯಲ್ಲಿ ಹಿಡಿದು ನೋಡುತ್ತಾರೆ ಎಂದೇ ಭಾವಿಸಿ ಸಿದ್ಧರಾಗುವುದು ಒಳ್ಳೆಯದು. ಗುರುತಿಗೆ ಮತ್ತು ವಿಳಾಸಕ್ಕೆ ಆಧಾರ್ ಆಗುತ್ತದೆ. ವಿಳಾಸಕ್ಕೆ ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಕೂಡ ನಡೆಯುತ್ತದೆ. ಆದರೆ ಆಧಾರ್ ಜನ್ಮದಿನಾಂಕದ ಪುರಾವೆಯಲ್ಲವೆಂದು ಆಧಾರ್ ಪ್ರಾಧಿಕಾರವೇ ಸ್ಪಷ್ಟಪಡಿಸಿರುವುದರಿಂದ, ವಯಸ್ಸಿನ ಮಾತು ಬಂದಾಗ ಗಟ್ಟಿಯಾಗಿ ನಿಲ್ಲುವುದು ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ.

ಇವುಗಳ ಜೊತೆಗೆ ಸಾರಥಿಯಿಂದ ಮುದ್ರಿಸಿಕೊಂಡ ಅರ್ಜಿ, ಸ್ಲಾಟ್‌ನ ಚೀಟಿ, ಶುಲ್ಕದ ರಸೀದಿ ಮತ್ತು ಕೆಲವು ಪಾಸ್‌ಪೋರ್ಟ್ ಅಳತೆಯ ಫೋಟೊ ಇರಬೇಕು. ಶುಲ್ಕ ಪ್ರತಿ ವಾಹನ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರಿನ ಫೋನ್ ಕೈಯಲ್ಲಿರಲಿ, ಏಕೆಂದರೆ ಒಟಿಪಿ ಬರುವುದು ಅದಕ್ಕೇ. ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವರು ತಮ್ಮದೇ ನಂಬರ್ ಹಾಕಿದ್ದಾರೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಆರೋಗ್ಯದ ಬಗ್ಗೆ ಎಲ್ಲರೂ ಫಾರಂ 1 ರಲ್ಲಿ ಸ್ವಯಂ ಘೋಷಣೆ ಕೊಡಬೇಕು. 40 ವರ್ಷ ದಾಟಿದವರಿಗೆ ಮತ್ತು ಹಳದಿ ಬೋರ್ಡಿನ ವಾಹನಕ್ಕೆ ಅರ್ಜಿ ಹಾಕುವವರಿಗೆ ಫಾರಂ 1ಎ, ಅಂದರೆ ವೈದ್ಯರ ಪ್ರಮಾಣಪತ್ರ, ಬೇಕಾಗುತ್ತದೆ. ಇದರಲ್ಲಿ ಅಂಟಿಸಿದ ಫೋಟೊದ ಮೇಲೆ ವೈದ್ಯರು ಹಾಕುವ ಸಹಿ ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಆದ್ದರಿಂದ ಫೋಟೊ ಅಂಟಿಸಿಕೊಂಡೇ ವೈದ್ಯರ ಬಳಿಗೆ ಹೋಗಿ. ಮೊದಲು ಸಹಿ ಮಾಡಿಸಿ ಆಮೇಲೆ ಫೋಟೊ ಅಂಟಿಸಿದರೆ ಆ ಕಾಗದ ಉಪಯೋಗಕ್ಕೆ ಬರುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ದಾಖಲೆ ಇಲ್ಲದೆ ವಾಪಸಾಗುವವರಿಗಿಂತ, ದಾಖಲೆಗಳಿದ್ದೂ ಅವು ಒಂದಕ್ಕೊಂದು ತಾಳೆಯಾಗದೆ ತೊಂದರೆಪಡುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮೇಲಿನ ಭಕ್ತಿಯಿಂದ ನಮ್ಮ ಭಾಗದಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ಊರೂರಲ್ಲಿದೆ. ಕನ್ನಡದಲ್ಲಿ ಬರೆದರೆ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಅಂಕಪಟ್ಟಿಯಲ್ಲಿ ‘ಟಿ’ ಆದ ಮೇಲೆ ‘ಎಚ್’ ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ. ಒಂದರಲ್ಲಿ ತಂದೆಯ ಹೆಸರಿನ ಇನಿಷಿಯಲ್ ಹಿಂದಿದ್ದರೆ ಇನ್ನೊಂದರಲ್ಲಿ ಮುಂದಿರುತ್ತದೆ. ಇಂದೇ ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ. ವ್ಯತ್ಯಾಸ ಕಂಡರೆ, ಸ್ಲಾಟ್ ಮುಂದೆ ಹೋದರೂ ಸರಿ, ಮೊದಲು ಅದನ್ನು ತಿದ್ದಿಸಿಕೊಳ್ಳಿ. ಎಲ್‌ಎಲ್‌ಆರ್‌ನಲ್ಲಿ ಬಂದ ಹೆಸರೇ ಮುಂದೆ ಡಿಎಲ್‌ಗೂ (ಚಾಲನಾ ಪರವಾನಗಿಗೂ) ಹೋಗುತ್ತದೆ.

ಜಿಲ್ಲೆಯ ಹೆಸರಿನ ಬಗ್ಗೆ ಮಾತ್ರ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯಾದದ್ದು 1997 ರಲ್ಲಿ. ಅದಕ್ಕೂ ಹಿಂದಿನ ಅಂಕಪಟ್ಟಿಗಳಲ್ಲಿ ಜಗಳೂರು, ಹರಿಹರ, ದಾವಣಗೆರೆಯವರಿಗೆ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ, ಚನ್ನಗಿರಿ, ಹೊನ್ನಾಳಿಯವರಿಗೆ ಶಿವಮೊಗ್ಗ ಎಂದಿರುತ್ತದೆ. ಅದು ವಯಸ್ಸಿನ ದಾಖಲೆ, ವಿಳಾಸದ್ದಲ್ಲ. ಹರಪನಹಳ್ಳಿಯವರು ಮಾತ್ರ ವಿಳಾಸದ ದಾಖಲೆಯನ್ನು ಒಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಆ ತಾಲ್ಲೂಕು ದಾವಣಗೆರೆಯಿಂದ ಬಳ್ಳಾರಿಗೆ, ಅಲ್ಲಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಹಾಗಿದ್ದರೂ ಮೋಟಾರು ವಾಹನ ಕಾಯ್ದೆಯ 2019 ರ ತಿದ್ದುಪಡಿಯ ನಂತರ, ವಾಸವಿರುವ ರಾಜ್ಯದ ಯಾವುದೇ ಆರ್‌ಟಿಒದಲ್ಲಿ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ.

ಹದಿನಾರು ತುಂಬಿದ ಮಕ್ಕಳಿಗೆ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು, ಅದೂ 50 ಸಿಸಿ ಮೀರದ ಗೇರಿಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ. ಮನೆಯಲ್ಲಿರುವ 110 ಸಿಸಿ ಸ್ಕೂಟರಿಗೆ ಅದು ಅನ್ವಯಿಸುವುದಿಲ್ಲ.

ಪರೀಕ್ಷೆಯಲ್ಲಿ ಶೇ 60 ರಷ್ಟು ಉತ್ತರಗಳು ಸರಿಯಾಗಿರಬೇಕು. ಸಂಚಾರ ಚಿಹ್ನೆಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಕ್ರಾಸಿಂಗಿನಲ್ಲಿ ವಹಿಸಬೇಕಾದ ಎಚ್ಚರ, ಇವುಗಳ ಜೊತೆಗೆ ವಾಹನ ಓಡಿಸುವಾಗ ಜೊತೆಯಲ್ಲಿರಬೇಕಾದ ದಾಖಲೆಗಳ ಬಗ್ಗೆಯೂ ಪ್ರಶ್ನೆ ಕೇಳಬಹುದೆಂದು ನಿಯಮವೇ ಹೇಳುತ್ತದೆ. ಡಿಎಲ್, ಆರ್‌ಸಿ (ವಾಹನದ ನೋಂದಣಿ ಪತ್ರ), ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ ಎಂಬ ನಾಲ್ಕನ್ನು ನೆನಪಿಡಿ. ಕನ್ನಡಕ ಹಾಕುವವರಾದರೆ ಅದನ್ನೂ ಮರೆಯಬೇಡಿ. ಪಾಸಾದ ಮೇಲೆ ಸಿಗುವ ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಅರ್ಜಿ ಹಾಕಬಹುದು.